ಕೊನೆಯ ಬಸ್ಸಿನ ಲೆಕ್ಕ: ಬಾಲಕಿಯರ ಪ್ರೌಢಶಾಲೆಯಲ್ಲಿ ಪ್ರವಾಸ, ಆಟ, ಸ್ಪರ್ಧೆ

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಯಾವ ಕಾರ್ಯಕ್ರಮ ಹಾಕಿಕೊಂಡರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಎಲ್ಲರಿಗಿಂತ ದೂರದ ಊರಿನ ಹುಡುಗಿಗೆ ಮನೆ ಕಡೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ? ತಾಲ್ಲೂಕು ಕ್ರೀಡಾಕೂಟದ ಫೈನಲ್ ಆರಕ್ಕೆ ಮುಗಿದು, ಆ ಬಸ್ಸು ಐದೂಮುಕ್ಕಾಲಿಗೇ ಹೊರಟುಹೋಗಿದ್ದರೆ ಮುಂದಿನ ವರ್ಷ ಆ ಹುಡುಗಿ ತಂಡದಲ್ಲಿ ಇರುವುದಿಲ್ಲ. ಓಟದಲ್ಲಿ ಅವಳೇನೂ ಹಿಂದೆ ಬಿದ್ದಿರುವುದಿಲ್ಲ, ಮನೆಯಲ್ಲಿ "ಇನ್ನು ಬೇಡಮ್ಮ" ಅಂದಿರುತ್ತಾರೆ. ಪ್ರವಾಸವಾಗಲಿ, ಥ್ರೋಬಾಲ್ ಆಗಲಿ, ಶಾಲಾ ಮಕ್ಕಳ ಸಾಂಸ್ಕೃತಿಕ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಾಗಲಿ, ವಿದ್ಯಾರ್ಥಿವೇತನವಾಗಲಿ, ಹೆಣ್ಣುಮಕ್ಕಳು ಅರ್ಧದಲ್ಲಿ ಕೈಬಿಡುವುದಕ್ಕೆ ಶಕ್ತಿ ಸಾಲದ್ದು ಕಾರಣವಾಗುವುದು ಅಪರೂಪ. ಬಸ್ಸು, ಶೌಚಾಲಯ, ಒಂದು ಸಹಿ, ಒಂದು ಬ್ಯಾಂಕ್ ಖಾತೆ ಇಂಥವೇ ಕಾರಣ. ಇವೆಲ್ಲ ದೊಡ್ಡವರ ಕೈಯಲ್ಲಿರುವ ಕೆಲಸ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸರ್ಕಾರಿ ಪ್ರೌಢಶಾಲೆಯ ವರ್ಷದ ಲೆಕ್ಕ ಸುಮಾರಾಗಿ ಹೀಗೆ ಸಾಗುತ್ತದೆ. ಜೂನ್‌ನಲ್ಲಿ ದಾಖಲಾತಿ, ಮಳೆಗಾಲದ ನಡುವೆಯೇ ಹೋಬಳಿ ಮತ್ತು ತಾಲ್ಲೂಕು ಮಟ್ಟದ ಆಟಗಳು, ಅದರ ಹಿಂದೆಮುಂದೆ ಪ್ರತಿಭಾ ಕಾರಂಜಿ, ದಸರೆ ರಜೆ ಕಳೆದ ಮೇಲೆ ಪ್ರವಾಸ. ಜನವರಿ ಬಂತೆಂದರೆ ಹತ್ತನೇ ತರಗತಿಗೆ ಎಸ್‌ಎಸ್‌ಎಲ್‌ಸಿ ಬಿಟ್ಟು ಬೇರೆ ಮಾತಿಲ್ಲ. ಹಾಗಾಗಿ ಪ್ರವಾಸವನ್ನು ಡಿಸೆಂಬರ್ ಒಳಗೆ ಮುಗಿಸಲೇಬೇಕು, ಅದರ ತಯಾರಿ ಜುಲೈನಲ್ಲೇ ಶುರುವಾಗಬೇಕು. ಜುಲೈ ಅನ್ನುವುದಕ್ಕೆ ಮುಖ್ಯ ಕಾರಣ ಹಣ. ನವೆಂಬರ್‌ನಲ್ಲಿ ಒಂದೇ ಸಲ ಕೇಳಿದರೆ ಕೊಡಲಾಗದ ಮನೆಯವರು ಜುಲೈನಿಂದ ತಿಂಗಳಿಗಿಷ್ಟು ಅಂದರೆ ಕೊಡುತ್ತಾರೆ. ಅದೂ ಆಗದ ಐದಾರು ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಅವರ ಪಾಲಿನ ಹಣವನ್ನು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಿಂದಲೋ ಹಳೆಯ ವಿದ್ಯಾರ್ಥಿನಿಯರಿಂದಲೋ ಹೊಂದಿಸಿ, ಯಾರದ್ದನ್ನು ಯಾರು ಕಟ್ಟಿದರು ಅನ್ನುವುದು ಮುಖ್ಯ ಶಿಕ್ಷಕಿಯ ಮೇಜು ದಾಟದಂತೆ ನೋಡಿಕೊಳ್ಳಬೇಕು. ತರಗತಿಯಲ್ಲಿ ಹೆಸರು ಕೂಗಿ "ನಿನ್ನದು ದಾನಿಗಳು ಕೊಟ್ಟಿದ್ದಾರೆ" ಅಂದರೆ ಆ ಮಗು ಪ್ರವಾಸಕ್ಕೇ ಬರುವುದಿಲ್ಲ.

ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ನನ್ನದೊಂದು ಪಕ್ಷಪಾತ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳ ಶಾಲೆಯ ಪ್ರವಾಸದಲ್ಲಿ ಹೆಣ್ಣುಮಕ್ಕಳು ಮಾಡಿದ್ದನ್ನು ಕಣ್ಣಾರೆ ಕಾಣುವ ಜಾಗಗಳು ಇರಬೇಕು. ತುಮಕೂರು ಕಡೆಯ ಶಾಲೆಗೆ ನಾಲ್ಕು ದಿನದ ಒಂದು ದಾರಿ ಚೆನ್ನಾಗಿ ಹೊಂದುತ್ತದೆ: ಚಿತ್ರದುರ್ಗ, ಹೊಸಪೇಟೆ, ಹಂಪಿ, ಲಕ್ಕುಂಡಿ, ಬಾದಾಮಿ, ಪಟ್ಟದಕಲ್ಲು. ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿ ಇದೆ. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ, ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದವಳೂ ಅವಳೇ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ್ದು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿಯನ್ನು ಗೆದ್ದದ್ದರ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಹೆಸರುಗಳು ಆ ಕಲ್ಲುಗಳ ಮುಂದೆ ನಿಂತಾಗ ಬೇರೆಯೇ ಆಗುತ್ತವೆ.

ಮೊದಲ ದಿನ ಬೆಳಗ್ಗೆ ಐದೂವರೆಗೆ ಹೊರಟರೆ ಎಂಟೂವರೆ ಹೊತ್ತಿಗೆ ಚಿತ್ರದುರ್ಗ. ಬಿಸಿಲೇರುವ ಮುಂಚೆ ಕೋಟೆ ಹತ್ತಿ ಇಳಿಯಬೇಕು, ಹನ್ನೊಂದಾದರೆ ಬಂಡೆ ಕಾಯುತ್ತದೆ. ನುಣುಪಾದ ಬಂಡೆ ಮತ್ತು ಕಡಿದಾದ ಮೆಟ್ಟಿಲು ಇರುವಲ್ಲಿ ಹೊಸ ಚಪ್ಪಲಿ ಜಾರುತ್ತದೆ, ಅಲ್ಲಿಗೆ ಶಾಲೆಯ ಶೂ ಕಡ್ಡಾಯ. ಅಲ್ಲಿಂದ ಹೊಸಪೇಟೆಗೆ ಸುಮಾರು 140 ಕಿಲೋಮೀಟರ್. ಸಂಜೆಗೆ ತುಂಗಭದ್ರಾ ಅಣೆಕಟ್ಟು. ನೀರು ಹೊರಬಿಡುವ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು, ಇದನ್ನು ವಿಜ್ಞಾನದ ಶಿಕ್ಷಕಿ ಬಸ್ಸಿನಲ್ಲೇ ಹೇಳಿಟ್ಟರೆ ಮಕ್ಕಳು ಗೇಟುಗಳನ್ನು ಎಣಿಸಿ ನೋಡುತ್ತಾರೆ. ಎರಡನೇ ದಿನ ಬೆಳಗ್ಗೆ ಹಂಪಿ. ಮೊದಲು ವಿಠ್ಠಲ ದೇವಾಲಯಕ್ಕೇ ಹೋಗಬೇಕು. ಬಸ್ಸು ದೂರದಲ್ಲೇ ನಿಲ್ಲುತ್ತದೆ, ಮುಂದಕ್ಕೆ ಬ್ಯಾಟರಿ ಗಾಡಿ ಅಥವಾ ನಡಿಗೆ. ತಡವಾಗಿ ಹೋದರೆ ಗಾಡಿಯ ಸಾಲಿನಲ್ಲೇ ಒಂದು ಗಂಟೆ ಹೋಗುತ್ತದೆ. ಅಲ್ಲಿ ಕೊಂಡ ಟಿಕೆಟ್ ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಬಿಸಾಡಬಾರದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಹತ್ತನೇ ತರಗತಿಯ ಬಹಳ ಮಂದಿಗೆ 15 ತುಂಬಿರುತ್ತದೆ, ಅವರ ಟಿಕೆಟ್ ಹಣವನ್ನು ಅಂದಾಜಿನಲ್ಲಿ ಸೇರಿಸಿರಬೇಕು. ಕಮಲಾಪುರ, ಬಾದಾಮಿಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಪ್ರವಾಸದ ಎರಡನೇ ಅಥವಾ ಮೂರನೇ ದಿನ ಶುಕ್ರವಾರಕ್ಕೆ ಬೀಳದಂತೆ ಹೊರಡುವ ವಾರವನ್ನೇ ಗೊತ್ತುಮಾಡಿಕೊಳ್ಳಿ.

ಹಂಪಿಯಿಂದ ಮಧ್ಯಾಹ್ನ ಎರಡಕ್ಕೆ ಹೊರಟರೆ ಸಂಜೆ ಬೆಳಕಿರುವಾಗಲೇ ಲಕ್ಕುಂಡಿ ಸಿಗುತ್ತದೆ. ಆ ರಾತ್ರಿ ಬಾದಾಮಿ ಮುಟ್ಟಿಬಿಡೋಣ ಅನ್ನುವ ಆಸೆ ಬೇಡ, ಕತ್ತಲಲ್ಲಿ ಓಡಬೇಕಾಗುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ದೂರದ ಗದಗದಲ್ಲೇ ತಂಗಿ. ಮೂರನೇ ದಿನ ಬಾದಾಮಿಯ ನಾಲ್ಕು ಗುಹೆಗಳು, ಊಟ, ಅಲ್ಲಿಂದ 22 ಕಿಲೋಮೀಟರ್ ದೂರದ ಪಟ್ಟದಕಲ್ಲು, ರಾತ್ರಿ ಮತ್ತೆ ಬಾದಾಮಿ. ಬಾದಾಮಿಯ ಮಂಗಗಳು ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೇ ಬರುತ್ತವೆ, ಗುಹೆ ಹತ್ತುವಾಗ ಕೈಯಲ್ಲಿ ತಿಂಡಿ, ನೀರಿನ ಬಾಟಲಿ, ಬಣ್ಣದ ಕವರು ಏನೂ ಇರಬಾರದು. ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಅದನ್ನು ಹುಡುಕುವ ಕೆಲಸ ಒಂದು ಗುಂಪಿಗೆ, ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯ ಹೆಸರಿರುವ ಶಾಸನ ಹುಡುಕುವ ಕೆಲಸ ಇನ್ನೊಂದು ಗುಂಪಿಗೆ ಕೊಟ್ಟರೆ ಗೈಡ್ ಹೇಳಿದ್ದನ್ನು ಕೇಳಿ ತಲೆಯಾಡಿಸುವುದು ತಪ್ಪುತ್ತದೆ. ಐಹೊಳೆಯನ್ನೂ ಸೇರಿಸಬೇಕು ಅನ್ನಿಸುವುದು ಸಹಜ, ರವಿಕೀರ್ತಿಯ ಶಾಸನ ಅಲ್ಲಿದೆ. ಆದರೆ ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ನಾಲ್ಕನೇ ದಿನ ಬೆಳಗ್ಗೆ ಆರಕ್ಕೆ ಬಾದಾಮಿ ಬಿಟ್ಟರೆ ದಾರಿಯಲ್ಲಿ ಊಟ ಮುಗಿಸಿ ಸಂಜೆ ನಾಲ್ಕು ನಾಲ್ಕೂವರೆಗೆ ಶಾಲೆ. ಅಲ್ಲಿಂದ ಎಲ್ಲರಿಗೂ ಊರಿನ ಬಸ್ಸು ಸಿಗುತ್ತದೆ. ನಾಲ್ಕು ದಿನದ ಇಡೀ ವೇಳಾಪಟ್ಟಿಯನ್ನು ಶಾಲೆ ಮುಟ್ಟುವ ಈ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬರೆಯಬೇಕು.

ಈ ದಾರಿಯಲ್ಲಿ ಕಡಲಿಲ್ಲ. ಮಕ್ಕಳು ಕಡಲನ್ನೇ ಕೇಳುತ್ತಾರೆ, ಬಯಲುಸೀಮೆಯ ಮಕ್ಕಳಂತೂ ಹಟ ಹಿಡಿಯುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಕಡಲಿಗೆ ಕರೆದೊಯ್ಯುವುದೇ ಆದರೆ ಒಣ ಮರಳಿನ ಮೇಲೆ ನಿಂತು ನೋಡುವುದು ಮಾತ್ರ, ಕಾಲು ತೋಯಿಸುವುದೂ ಇಲ್ಲ ಎಂಬ ಮಾತನ್ನು ಬಸ್ಸು ಹತ್ತುವ ಮುಂಚೆ ಪೋಷಕರ ಎದುರಿಗೇ ಹೇಳಿಸಬೇಕು. ಮೊಣಕಾಲಿನಷ್ಟು ನೀರು ಅಪಾಯವಿಲ್ಲ ಅನ್ನುವುದು ತಪ್ಪು. ಹಿಂದಕ್ಕೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಳ್ಳುತ್ತದೆ, ಒಬ್ಬಳು ಬಿದ್ದರೆ ಕೈ ಹಿಡಿದ ಸಾಲೆಲ್ಲ ಬೀಳುತ್ತದೆ. ಹಂಪಿಯಲ್ಲೂ ಇದೇ ನಿಯಮ, ತುಂಗಭದ್ರೆಯ ದಡಕ್ಕೆ ಇಳಿಸಬೇಡಿ.

ಬಸ್ಸಿನ ವಿಚಾರ. ಸಾರಿಗೆ ಸಂಸ್ಥೆಯ ಬಸ್ಸನ್ನು ಸಾಂದರ್ಭಿಕ ಒಪ್ಪಂದದ ಮೇಲೆ, ಅಂದರೆ ಇಡೀ ಬಸ್ಸನ್ನು ಬಾಡಿಗೆಗೆ, ಅದರ ಘಟಕದಲ್ಲಿ (ಡಿಪೋದಲ್ಲಿ) ಕಾದಿರಿಸಬೇಕು, ನವೆಂಬರ್ ಡಿಸೆಂಬರ್‌ನಲ್ಲಿ ಎಲ್ಲ ಶಾಲೆಗಳೂ ಕೇಳುವುದರಿಂದ ಎರಡು ತಿಂಗಳು ಮುಂಚೆ ಪತ್ರ ಹೋಗಿರಬೇಕು. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ದರ ಇರುತ್ತದೆ, ಅದನ್ನು ಮೀರಿದ್ದಕ್ಕೆ ಹೆಚ್ಚುವರಿ. ಶಾಲೆಗಳು ಹಣದಲ್ಲಿ ಎಡವುವುದು ಇಲ್ಲೇ. ಲೆಕ್ಕ ಶಾಲೆಯ ಗೇಟಿನಿಂದ ಶುರುವಾಗುವುದಿಲ್ಲ, ಬಸ್ಸು ಘಟಕ ಬಿಟ್ಟಲ್ಲಿಂದ ಘಟಕ ಸೇರುವವರೆಗೆ ನಡೆಯುತ್ತದೆ. ಊರೊಳಗಿನ ಓಡಾಟವನ್ನೂ ಸೇರಿಸಿ ನಕ್ಷೆಯ ದೂರಕ್ಕೆ ನೂರಕ್ಕೆ ಹತ್ತರಷ್ಟು ಕೂಡಿಸಿ ಹಣ ಅಂದಾಜಿಸಿ. "ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ವಾ ಮೇಡಂ, ದುಡ್ಡು ಯಾಕೆ?" ಅಂತ ಪೋಷಕರು ಕೇಳುತ್ತಾರೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ದಿನನಿತ್ಯ ಓಡುವ ಸಾಮಾನ್ಯ ಬಸ್ಸುಗಳಿಗೆ, ಒಪ್ಪಂದದ ಬಸ್ಸಿಗಲ್ಲ ಎಂದು ಸಭೆಯಲ್ಲೇ ಬಿಡಿಸಿ ಹೇಳಿದರೆ ಅನುಮಾನ ಉಳಿಯುವುದಿಲ್ಲ. ಅದೇ ಯೋಜನೆ ಕ್ರೀಡಾಕೂಟಕ್ಕೆ ಬಹಳ ಉಪಯೋಗಕ್ಕೆ ಬರುತ್ತದೆ. ಹನ್ನೆರಡು ಹುಡುಗಿಯರನ್ನು ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯಲು ಹಿಂದೆ ಟೆಂಪೋಗೆ ಚಂದಾ ಎತ್ತಬೇಕಿತ್ತು. ಈಗ ಎಲ್ಲರ ಕೈಯಲ್ಲೂ ಆಧಾರ್ ಇದ್ದರೆ ಸಾಕು, ಆ ಹಣ ಬಾಳೆಹಣ್ಣು ಮತ್ತು ಊಟಕ್ಕೆ ಉಳಿಯುತ್ತದೆ.

ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಅನುಮತಿಗೆ ಮಾರ್ಗ, ದಿನಾಂಕ, ಮಕ್ಕಳ ಪಟ್ಟಿ, ಜೊತೆಗೆ ಹೋಗುವ ಶಿಕ್ಷಕರ ಹೆಸರು, ಪೋಷಕರ ಒಪ್ಪಿಗೆ ಪತ್ರ ಬೇಕು. ಒಪ್ಪಿಗೆ ಪತ್ರದ ಬೆನ್ನಿಗೆ ಮೂರು ಸಾಲು ಹೆಚ್ಚಿಗೆ ಬರೆಸಿ: ಮಗಳಿಗೆ ಫಿಟ್ಸ್, ದಮ್ಮು, ಸಕ್ಕರೆ, ಹೃದಯದ ತೊಂದರೆ ಏನಾದರೂ ಇದೆಯೇ; ದಿನಾ ನುಂಗುವ ಮಾತ್ರೆ ಯಾವುದು; ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ. ತಂದೆಯ ಫೋನು ರಾತ್ರಿ ಆಫ್ ಆಗಿರುವುದುಂಟು, ಎರಡನೇ ನಂಬರ್ ಇಲ್ಲದ ಪತ್ರವನ್ನು ವಾಪಸ್ ಕೊಡಿ. ಪಟ್ಟಿಯ ಮೂರು ಪ್ರತಿ ಇರಲಿ. ಒಂದು ಬಸ್ಸಿನಲ್ಲಿ, ಒಂದು ಇನ್ನೊಬ್ಬ ಶಿಕ್ಷಕಿಯ ಬಳಿ, ಒಂದು ಶಾಲೆಯಲ್ಲಿ.

ಐವತ್ತು ಹುಡುಗಿಯರಿಗೆ ಐವರು ದೊಡ್ಡವರು, ಅವರಲ್ಲಿ ಕನಿಷ್ಠ ಮೂವರು ಹೆಂಗಸರು. ಆರಾರು ಮಂದಿಯ ಗುಂಪು, ಗುಂಪಿಗೊಬ್ಬಳು ನಾಯಕಿ. ಶಿಕ್ಷಕಿ ತಲೆ ಎಣಿಸಿದರೆ ಸಂಖ್ಯೆ ಸರಿಬಂದೂ ಒಬ್ಬಳು ತಪ್ಪಿರಬಹುದು, ಏಕೆಂದರೆ ನೀಲಿ ಚೂಡಿದಾರದ ಶಾಲೆ ಹಂಪಿಯಲ್ಲಿ ನಿಮ್ಮದೊಂದೇ ಇರುವುದಿಲ್ಲ. ನಾಯಕಿಯರು "ನಮ್ಮವರು ಆರೂ ಇದ್ದಾರೆ" ಎಂದು ಒಬ್ಬೊಬ್ಬರಾಗಿ ಹೇಳುವವರೆಗೆ ಬಸ್ಸು ಅಲುಗಾಡಬಾರದು. ಗುಂಪಿನಲ್ಲಿ ಎಂಟು ಹತ್ತು ಮಂದಿಯಾದರೆ ನಾಯಕಿಗೂ ಲೆಕ್ಕ ತಪ್ಪುತ್ತದೆ.

ತಂಗುವ ಜಾಗದಲ್ಲಿ ನಾನು ಮೊದಲು ಕೇಳುವುದು ಶೌಚಾಲಯ ಎಷ್ಟು ಅಂತ. ಐದು ಸ್ನಾನದ ಮನೆ, ಐವತ್ತು ಹುಡುಗಿಯರು, ಒಬ್ಬೊಬ್ಬರಿಗೆ ಏಳು ನಿಮಿಷ ಅಂದರೂ 70 ನಿಮಿಷ. ಬೆಳಗ್ಗೆ ಆರಕ್ಕೆ ಹೊರಡಬೇಕಾದರೆ ನಾಲ್ಕೂವರೆಗೆ ಏಳಿಸಬೇಕು. ಅರ್ಧ ಗುಂಪುಗಳು ರಾತ್ರಿಯೇ ಸ್ನಾನ ಮಾಡಿ ಮಲಗಿದರೆ ಎಲ್ಲರಿಗೂ ಅರ್ಧ ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ. ಬಾಲಕಿಯರ ಹಾಸ್ಟೆಲ್, ಮಠದ ಯಾತ್ರಿನಿವಾಸ, ಕಲ್ಯಾಣ ಮಂಟಪ ಯಾವುದಾದರೂ ಸರಿ, ಒಂದೇ ಬಾಗಿಲಿನಿಂದ ಒಳಹೊರಗೆ ಇರಬೇಕು, ಆ ಬಾಗಿಲ ಬಳಿ ಶಿಕ್ಷಕಿಯರ ಹಾಸಿಗೆ.

ಮುಟ್ಟಿನ ತಯಾರಿ ಪ್ರವಾಸದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಇರಬೇಕು. ಐವತ್ತು ಮಂದಿಯಲ್ಲಿ ಯಾವ ದಿನ ನೋಡಿದರೂ ಒಂಬತ್ತು ಹತ್ತು ಮಂದಿ ಆ ದಿನಗಳಲ್ಲಿರುತ್ತಾರೆ, ಪ್ರಯಾಣದ ದಣಿವಿಗೆ ದಿನ ಹಿಂದೆಮುಂದೆ ಆಗುವುದೂ ಉಂಟು. ಹತ್ತು ಮಂದಿಗೆ ದಿನಕ್ಕೆ ಐದರಂತೆ ನಾಲ್ಕು ದಿನಕ್ಕೆ 200 ಪ್ಯಾಡ್. ಅರ್ಧದಷ್ಟು ಮಂದಿ ಮನೆಯಿಂದ ತಂದಿರುತ್ತಾರೆ ಅಂತ ಲೆಕ್ಕ ಕಡಿಮೆ ಮಾಡಬೇಡಿ, ಅನಿರೀಕ್ಷಿತವಾಗಿ ಆದವರು ತಂದಿರುವುದಿಲ್ಲ. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಶಾಲೆಗೆ ಬಂದಿದ್ದರೆ ಅದನ್ನೇ ಒಯ್ಯಿರಿ. ಹಳೆಯ ಪೇಪರ್, ಮುಚ್ಚಳ ಇರುವ ಡಬ್ಬಿ, ಗಾಢ ಬಣ್ಣದ ನಾಲ್ಕು ಲೆಗ್ಗಿಂಗ್ಸ್ ಜೊತೆಗಿರಲಿ. ಚೀಲ ಬಸ್ಸಿನ ಎರಡನೇ ಸೀಟಿನ ಕೆಳಗೆ ಇದೆ, ಕೇಳದೆ ತೆಗೆದುಕೊಳ್ಳಬಹುದು ಎಂದು ಮೊದಲ ದಿನವೇ ಹೇಳಿ. ಕೇಳಿ ಪಡೆಯಬೇಕು ಅಂದರೆ ನಾಚಿಕೆಗೆ ಕೇಳುವುದಿಲ್ಲ, ದಿನವಿಡೀ ಒಂದರಲ್ಲೇ ಕಳೆಯುತ್ತಾರೆ. ಪೂಜೆ ನಡೆಯುವ ಗುಡಿಗಳಿಗೆ, ಹಂಪಿಯ ವಿರೂಪಾಕ್ಷ ಗುಡಿಯೂ ಅಂಥದ್ದೇ, ಕೆಲವರು ಒಳಗೆ ಬರಲು ಒಪ್ಪುವುದಿಲ್ಲ. ಯಾಕೆ ಅಂತ ಎಲ್ಲರೆದುರು ಕೇಳಬಾರದು. ಹೊರಗೆ ನಿಲ್ಲುವವರ ಜೊತೆ ಒಬ್ಬ ಶಿಕ್ಷಕಿ ನಿಂತು ಗೋಪುರದ ಬಗ್ಗೆ ಮಾತಾಡುತ್ತಿದ್ದರೆ ಯಾರಿಗೂ ಮುಜುಗರವಿಲ್ಲ.

ಊಟದ ವಿಷಯದಲ್ಲಿ ಮೊದಲ ದಿನದ ಬುತ್ತಿಯೇ ಹೆಚ್ಚಾಗಿ ಕೈಕೊಡುವುದು. ಕಾಯಿ ಹಾಕಿದ ಚಿತ್ರಾನ್ನ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ, ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ. ಹುಣಸೆ ಹುಳಿ ಮತ್ತು ಎಣ್ಣೆ ಮುಂದಾಗಿರುವ ಪುಳಿಯೋಗರೆ, ಚಪಾತಿ, ಶೇಂಗಾ ಚಟ್ನಿಪುಡಿ ಸಂಜೆವರೆಗೂ ತಡೆಯುತ್ತವೆ. ಪುಳಿಯೋಗರೆಗೆ ತಲೆಗೆ 110 ಗ್ರಾಂ ಅಕ್ಕಿ ಅಂದರೆ ದೊಡ್ಡವರೂ ಚಾಲಕರೂ ಸೇರಿ 57 ಮಂದಿಗೆ ಆರೂಕಾಲು ಕಿಲೋ. ಬೆಳಗಿನ ಒಗ್ಗರಣೆ ಅವಲಕ್ಕಿಗೆ ತಲೆಗೆ 60 ಗ್ರಾಂ, ಮೂರೂವರೆ ಕಿಲೋ. ನೀರು ದಿನಕ್ಕೆ ತಲೆಗೆ ಮೂರು ಲೀಟರ್ ಹಿಡಿದರೆ 20 ಲೀಟರಿನ ಕ್ಯಾನು ಒಂಬತ್ತು. ಹುಡುಗಿಯರು ಬೇಕೆಂದೇ ನೀರು ಕುಡಿಯುವುದಿಲ್ಲ, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅನ್ನುವ ಭಯಕ್ಕೆ. ಮೂರನೇ ದಿನ ತಲೆನೋವು, ಉರಿಮೂತ್ರ ಬರುವುದು ಇದರಿಂದಲೇ. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲಿಸುತ್ತೇವೆ ಎಂದು ಬೆಳಗ್ಗೆಯೇ ಹೇಳಿದರೆ ಧೈರ್ಯವಾಗಿ ಕುಡಿಯುತ್ತಾರೆ. ವಾಂತಿ ಬರುವವರನ್ನು ಮುಂದಿನ ಸೀಟುಗಳಲ್ಲಿ ಕೂರಿಸಿ, ಫೋನು ಪುಸ್ತಕ ಕೊಡಬೇಡಿ, ಹೊರಡುವ ಮುಂಚೆ ಹಾಲು ಬೇಡ.

ಇನ್ನು ಆಟ. ಬಾಲಕಿಯರ ಶಾಲೆಗಳಲ್ಲಿ ಥ್ರೋಬಾಲ್ ಮತ್ತು ಖೋ-ಖೋ ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣವಿದೆ: ಖರ್ಚು ಕಡಿಮೆ, ಜಾಗ ಕಡಿಮೆ, ಅರ್ಧ ತರಗತಿಗೆ ಒಟ್ಟಿಗೆ ಅಭ್ಯಾಸ ಮಾಡಿಸಬಹುದು. ಥ್ರೋಬಾಲ್ ಅಂಕಣ 18.30 ಮೀಟರ್ ಉದ್ದ, 12.20 ಮೀಟರ್ ಅಗಲ, ನೆಟ್ಟಿನ ಎತ್ತರ 2.20 ಮೀಟರ್, ಒಂದು ಕಡೆ ಏಳು ಮಂದಿ. ಶಾಲೆಯ ಕಂಬಕ್ಕೆ ಕಟ್ಟಿದ ನೆಟ್ಟು ನಡುವೆ ಜೋತು ಎರಡು ಮೀಟರಿಗೆ ಇಳಿದಿರುತ್ತದೆ. ಅದರ ಮೇಲೆ ಅಭ್ಯಾಸ ಮಾಡಿದ ತಂಡ ತಾಲ್ಲೂಕಿನಲ್ಲಿ ಬಿಗಿಯಾದ ನೆಟ್ಟಿಗೆ ಸರ್ವಿಸ್ ಹೊಡೆದು ಅಂಕ ಕಳೆಯುತ್ತದೆ. ವಾರಕ್ಕೊಮ್ಮೆ ಟೇಪ್ ಹಿಡಿದು ನಡುವಿನ ಎತ್ತರ ಅಳೆಯಿರಿ. ಚೆಂಡನ್ನು ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿಯಬೇಕು, ಸದ್ದು ಬರಬಾರದು, ಮೈಗೆ ತಾಗಬಾರದು, ಮೂರು ಸೆಕೆಂಡಿನೊಳಗೆ ಒಂದೇ ಕೈಯಿಂದ ಭುಜಕ್ಕಿಂತ ಮೇಲಿಂದ ಎಸೆಯಬೇಕು. ಹೊಸಬರು ಚೆಂಡನ್ನು ಎದೆಗೆ ಅವಚಿಕೊಳ್ಳುತ್ತಾರೆ. ಮೊದಲ ಎರಡು ವಾರ ನೆಟ್ಟೇ ಬೇಡ, ಜೋಡಿಯಾಗಿ ಐದು ಮೀಟರ್ ದೂರ ನಿಂತು ಹಿಡಿಯುವುದಷ್ಟೇ ಸಾಕು. ಇಬ್ಬರು ಒಂದೇ ಚೆಂಡಿಗೆ ಕೈ ಹಾಕಿದರೂ ಅಂಕ ಹೋಗುತ್ತದೆ, ಹಾಗಾಗಿ "ನಂದು" ಎಂದು ಗಟ್ಟಿಯಾಗಿ ಕೂಗುವುದು ಅಭ್ಯಾಸದ ಭಾಗವೇ ಆಗಬೇಕು. ಮೆಲ್ಲಗೆ ಮಾತಾಡಬೇಕು ಅಂತಲೇ ಮನೆಯಲ್ಲಿ ಬೆಳೆಸಿದ ಮಕ್ಕಳಿಗೆ ಈ ಕೂಗು ಬರಲು ಎಸೆತಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಖೋ-ಖೋದಲ್ಲಿ ಎಂಟು ಮಂದಿ ಕೂತಿರುತ್ತಾರೆ, ಒಬ್ಬಳು ಅಟ್ಟುತ್ತಾಳೆ, ಮೂವರು ಓಟಗಾರ್ತಿಯರು ಒಳಗಿರುತ್ತಾರೆ. ಶಾಲಾ ತಂಡಗಳು ಸೋಲುವುದು ಓಟದಲ್ಲಿ ಅಲ್ಲ, ಫೌಲ್‌ಗಳಲ್ಲಿ: ಬೆನ್ನು ಮುಟ್ಟುವ ಮುಂಚೆಯೇ ಕೂತವಳು ಏಳುವುದು, ಖೋ ಕೊಟ್ಟವಳು ತಕ್ಷಣ ಕೂರದೆ ಇರುವುದು, ಹಿಡಿದ ದಿಕ್ಕನ್ನು ನಡುವೆ ಬದಲಿಸುವುದು. ಒಬ್ಬ ಹುಡುಗಿಯನ್ನು ಬದಿಯಲ್ಲಿ ನಿಲ್ಲಿಸಿ ಫೌಲ್‌ಗಳನ್ನಷ್ಟೇ ಬರೆಯಲು ಹೇಳಿ, ಒಂದು ವಾರದಲ್ಲಿ ಯಾರ ತಪ್ಪು ಯಾವುದು ಅಂತ ಗೊತ್ತಾಗುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಮಗಳನ್ನು ಆಟಕ್ಕೆ ಕಳಿಸಲು ಹಿಂಜರಿಯುವ ಮನೆಗೆ ಹೋದಾಗ ಈ ಹೆಸರು ಹೇಳಿ, ಹಳ್ಳಿಯ ಹೆಸರನ್ನೂ ಸೇರಿಸಿ ಹೇಳಿ.

ಮನೆಯವರ ಹಿಂಜರಿಕೆ ಎಷ್ಟೋ ಸಲ ಬಟ್ಟೆಯದು. ಚಡ್ಡಿಯೇ ಹಾಕಬೇಕು ಅಂತ ಹಟ ಮಾಡದೆ ಟ್ರ್ಯಾಕ್ ಪ್ಯಾಂಟು, ಸಡಿಲ ಟೀ ಶರ್ಟು ಎಂದರೆ ಒಪ್ಪುತ್ತಾರೆ, ಖೋ-ಖೋದಲ್ಲಿ ಮಂಡಿ ತರಚುವುದೂ ಕಡಿಮೆ. ಬಳೆ, ಕಾಲ್ಗೆಜ್ಜೆ, ಕ್ಲಿಪ್ಪು, ಓಲೆ ತೆಗೆಸಿ ಹೆಸರು ಬರೆದ ಕವರಿನಲ್ಲಿ ಇಡಿ. ಬಿಚ್ಚಲಾಗದ ಮೂಗುತಿಗೆ ಮೇಲೆ ಟೇಪು. ಕಳೆದುಹೋದ ಒಂದು ಬೆಳ್ಳಿ ಗೆಜ್ಜೆ ಸಾಕು, ಆ ಮನೆಯಿಂದ ಮತ್ತೆ ಯಾರೂ ಆಟಕ್ಕೆ ಬರುವುದಿಲ್ಲ.

ಎರಡು ಸುತ್ತು ಓಡಿ ಏದುಸಿರು ಬಿಡುವ, ಕಣ್ಣ ಕೆಳರೆಪ್ಪೆ ಬಿಳುಚಿದ ಹುಡುಗಿಗೆ "ಸ್ಟ್ಯಾಮಿನಾ ಇಲ್ಲ" ಅನ್ನುವ ಮುಂಚೆ ರಕ್ತಹೀನತೆ ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಕ್ಷೀರಭಾಗ್ಯದ ಹಾಲಿನ ಜೊತೆ ಕೊಡಬಾರದು, ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳಸಿ ಮುಂದಿನ ವಾರ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತಾರೆ. ಮಧ್ಯಾಹ್ನದ ಬಿಸಿಯೂಟ ಆದ ಅರ್ಧ ಗಂಟೆಗೆ, ಶಿಕ್ಷಕಿಯ ಎದುರಿಗೆ, ನೀರಿನ ಜೊತೆ. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಹೆದರಿ ನಿಲ್ಲಿಸುತ್ತಾರೆ. ಜೊತೆಗೆ ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ತಪ್ಪಬಾರದು.

ಪ್ರತಿಭಾ ಕಾರಂಜಿಯ ಬಗ್ಗೆ ಚಿಕ್ಕದಾಗಿ. ಭಾವಗೀತೆಯಲ್ಲಿ ಒಳ್ಳೆಯ ಕಂಠದವರೂ ಸೋಲುವುದು ಶ್ರುತಿಯಿಂದ. ಯೂಟ್ಯೂಬ್‌ನಲ್ಲಿ ಗಾಯಕಿ ಹಾಡಿದ ಶ್ರುತಿಯಲ್ಲೇ ಕಲಿತಿರುತ್ತಾರೆ, ಚರಣ ತಾರಸ್ಥಾಯಿಗೆ ಹೋದಾಗ ಧ್ವನಿ ಒಡೆಯುತ್ತದೆ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ, ಅದು ಆರಾಮಾಗಿ ಬರುವ ಶ್ರುತಿಯನ್ನು ಫೋನಿನ ತಂಬೂರದಲ್ಲಿ ಗುರುತಿಟ್ಟುಕೊಂಡು ಪಲ್ಲವಿ ಶುರುಮಾಡಿಸಿ. ಜೇಡಿಮಣ್ಣಿನ ಮಾದರಿ ಬಿರುಕು ಬಿಡುವುದು ಮಣ್ಣಿನೊಳಗೆ ಉಳಿದ ಗಾಳಿಯಿಂದ, ಮತ್ತು ತೆಳ್ಳನೆಯ ಕೈಕಾಲನ್ನು ದಪ್ಪ ಮೈಗೆ ಒಣಗಿಸಿ ಅಂಟಿಸುವುದರಿಂದ. ಹಿಂದಿನ ದಿನವೇ ಕಲ್ಲು ಬೇರು ತೆಗೆದು, ಚೆನ್ನಾಗಿ ನಾದಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಮಣ್ಣು ಬೇಕು. ಜೋಡಿಸುವ ಎರಡೂ ಮುಖವನ್ನು ಕಡ್ಡಿಯಿಂದ ಗೀರಿ, ಮಣ್ಣಿನ ಗಂಜಿ ಸವರಿ ಒತ್ತಬೇಕು. ಆಶುಭಾಷಣಕ್ಕೆ ಉರು ಹೊಡೆಸುವುದು ವ್ಯರ್ಥ. ದಿನಕ್ಕೊಂದು ಚೀಟಿ ಎತ್ತಿಸಿ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ನಿಮಿಷ ಮಾತಾಡಿಸಿದರೆ ಮೂರು ತಿಂಗಳಲ್ಲಿ ಇಡೀ ತರಗತಿಗೆ ಭಯ ಹೋಗುತ್ತದೆ.

ವಿಜ್ಞಾನದಲ್ಲಿ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯಿಂದ ಮಕ್ಕಳ ಯೋಚನೆಗಳನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು, ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಥರ್ಮಕೋಲ್ ಮನೆ ಇವು ಆಯ್ಕೆಯಾಗುವುದಿಲ್ಲ. ಅಮ್ಮನಿಗೆ ದಿನಾ ಕಷ್ಟವಾಗುವ ಒಂದು ಕೆಲಸವನ್ನು ಬರೆದುಕೊಂಡು ಬಾ ಎಂದು ಹೇಳಿದರೆ ಬರುವ ಪಟ್ಟಿಯೇ ಬೇರೆ. ಹುಣಸೆ ಕುಟ್ಟುವುದು, ಊದುಬತ್ತಿ ಹೊಸೆಯುವುದು, ಹೂ ಕಟ್ಟುವುದು, ಸೋಗೆ ಹೊರುವುದು, ಯೋಚನೆ ಅಲ್ಲಿಂದ ಹುಟ್ಟಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವುದು ಗೆದ್ದ ಮೇಲೂ ಕೈತಪ್ಪಿಹೋಗುವ, ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಎಂಟನೇ ತರಗತಿ ಓದುವ, ಏಳನೆಯದರಲ್ಲಿ ಶೇ. 55 ಅಂಕ ಬಂದಿರುವ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮಕ್ಕಳು ಇದರ ಪರೀಕ್ಷೆ ಬರೆಯಬಹುದು. ಪರಿಶಿಷ್ಟರಿಗೆ ಅಂಕದಲ್ಲಿ ಶೇ. 5 ರಿಯಾಯಿತಿ. ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ, 90 ನಿಮಿಷ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದರಲ್ಲಿ ವಿಜ್ಞಾನ 35, ಸಮಾಜ ವಿಜ್ಞಾನ 35, ಗಣಿತ 20. ಎರಡರಲ್ಲೂ ಸೇರಿ ಶೇ. 40 ಅರ್ಹತೆ, ಪರಿಶಿಷ್ಟರಿಗೆ ಶೇ. 32. ಆಯ್ಕೆ ಮಾತ್ರ ಜಿಲ್ಲೆಯ ಕೋಟಾದೊಳಗಿನ ಸ್ಥಾನದ ಮೇಲೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದರೂ ಹುಡುಗಿಯರು ಖಚಿತವಿಲ್ಲದ್ದನ್ನು ಖಾಲಿ ಬಿಟ್ಟು ಬರುತ್ತಾರೆ. ಕೊನೆಯ ಐದು ನಿಮಿಷ ಖಾಲಿ ವೃತ್ತಗಳನ್ನು ತುಂಬುವುದಕ್ಕೇ ಇಡಬೇಕೆಂದು ಮಾದರಿ ಪರೀಕ್ಷೆಯಲ್ಲಿ ರೂಢಿ ಮಾಡಿಸಿ.

ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಆದರೆ ಪಟ್ಟಿಯಲ್ಲಿ ಹೆಸರು ಬಂದ ಕೂಡಲೇ ಹಣ ಬರುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಶಾಲೆ ಪರಿಶೀಲಿಸಬೇಕು, ಜಿಲ್ಲೆಯವರು ಒಪ್ಪಬೇಕು, ಆಮೇಲೆ ಪ್ರತಿವರ್ಷ ನವೀಕರಣ. ಒಂದು ವರ್ಷದ ಗಡುವು ದಾಟಿದರೆ ಆ ವರ್ಷದ್ದು ಹೋಯಿತು. ಹತ್ತನೆಯದರಲ್ಲಿ ಶೇ. 60 ಬಂದಿರಬೇಕು, ಪರಿಶಿಷ್ಟರಿಗೆ ಶೇ. 55. ಒಳ್ಳೆಯ ಅಂಕ ಬಂತೆಂದು ಖಾಸಗಿ ಪಿಯು ಕಾಲೇಜಿಗೆ ಸೇರಿದರೆ ನಿಂತುಹೋಗುತ್ತದೆ, ಇದನ್ನು ಫಲಿತಾಂಶದ ದಿನವೇ ಮನೆಯವರಿಗೆ ಹೇಳಬೇಕು. ಉಳಿದದ್ದು ಬ್ಯಾಂಕಿನ ಕೆಲಸ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದು ಶಾಲೆಯ ದಾಖಲೆಯಲ್ಲಿ ಹಿಂದಿದ್ದರೂ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಖಾತೆ ಇದ್ದರೆ ಸಾಲದು, ಆ ಖಾತೆಗೇ ಆಧಾರ್ ಜೋಡಣೆಯಾಗಿ ನೇರ ವರ್ಗಾವಣೆಗೆ ತೆರೆದಿರಬೇಕು. ಎರಡು ವರ್ಷ ವ್ಯವಹಾರ ಮಾಡದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯಗೊಳಿಸುತ್ತದೆ. ಜೂನ್ ಮತ್ತು ಡಿಸೆಂಬರ್‌ನಲ್ಲಿ ಎಲ್ಲರ ಪಾಸ್‌ಬುಕ್ ತರಿಸಿ, ಐವತ್ತು ರೂಪಾಯಿ ಹಾಕಿಯೋ ತೆಗೆದೋ ಎಂಟ್ರಿ ಮಾಡಿಸಿಕೊಂಡು ಬರಲು ಹೇಳಿ, ಯಾರದ್ದು ಆಗಿದೆ ಯಾರದ್ದು ಆಗಿಲ್ಲ ಎಂದು ಒಂದು ವಹಿಯಲ್ಲಿ ಬರೆದಿಡಿ. ಹುಡುಗಿ ಶಾಲೆ ಬಿಟ್ಟು ಪಿಯುಸಿಗೆ ಹೋದ ಮೇಲೂ ಆ ವಹಿಯಲ್ಲಿ ಅವಳ ಸಾಲು ಎರಡು ವರ್ಷ ಮುಂದುವರಿಯಲಿ.